ಅತ್ತಿಗೆಯ ಓಟ, ಅಣ್ಣನ ಸ್ಕ್ಯಾನರು

ನನ್ನ ಅಣ್ಣ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳಲು ಮನಸ್ಸು ಬರುತ್ತದೋ ಇಲ್ಲವೋ. ಕುಡಿಯುವುದಿಲ್ಲ, ಕೂಗಾಡುವುದಿಲ್ಲ, ಕೆಲಸ ಮುಗಿದರೆ ನೆಟ್ಟಗೆ ಮನೆಗೆ ಬರುತ್ತಾನೆ. ಆದರೆ ಹೆಂಡತಿಯ ಮಾತು ನಂಬುವುದಿಲ್ಲ. ಅವಳು ಸುಳ್ಳು ಹೇಳುತ್ತಾಳೆ ಎಂದು ಅವನೇನೂ ಅನ್ನುವುದಿಲ್ಲ. ಇನ್ನೊಬ್ಬರು ಯಾರಾದರೂ ಹೌದು ಅನ್ನುವ ತನಕ ಅವಳ ಮಾತು ಅವನ ಕಿವಿ ದಾಟಿ ಒಳಗೆ ಇಳಿಯುವುದಿಲ್ಲ, ಅಷ್ಟೆ. "ಬಚ್ಚಲ ನಲ್ಲಿ ಸೋರ್ತಿದೆ ರೀ" ಎಂದು ಅತ್ತಿಗೆ ಅಂದರೆ, ಬಚ್ಚಲಿಗೆ ಹೋಗಿ ನೋಡುವ ಬದಲು ನಡುಮನೆಗೆ ಬಂದು ನನ್ನನ್ನು ಕೇಳುತ್ತಾನೆ: "ಹೌದೇನೇ, ನಲ್ಲಿ ಸೋರ್ತಿದೆಯಾ?" ನಾನು ಹೌದು ಅಂದ ಮೇಲೆಯೇ ಸ್ಪ್ಯಾನರ್ ಹುಡುಕಲು ಹೊರಡುವುದು. ಅಷ್ಟರಲ್ಲಿ ಅತ್ತಿಗೆ ಇಟ್ಟ ಬಕೆಟ್ಟು ತುಂಬಿ ಹರಿಯುತ್ತಿರುತ್ತದೆ. ನನಗೆ ಮೈ ಉರಿಯುವುದು ಅಲ್ಲೇ.

ಅತ್ತಿಗೆ ಮ್ಯಾರಥಾನ್ ಓಡಿದ ಕಥೆಯನ್ನು ಈ ನಲ್ಲಿಯಿಂದಲೇ ಶುರುಮಾಡಬೇಕು. ಬೇರೆ ಕಡೆಯಿಂದ ಶುರುಮಾಡಿದರೆ ಅವರು ಯಾತಕ್ಕೆ ಅಷ್ಟು ಹಟ ಹಿಡಿದರು ಎಂದು ಯಾರಿಗೂ ತಿಳಿಯುವುದಿಲ್ಲ.

ನಾವು ಮೂವರೂ ಪರದೇಶದಲ್ಲಿ ದುಡಿಯಲು ಬಂದವರು. ಲಿಫ್ಟ್ ಇಲ್ಲದ ಕಟ್ಟಡದ ಮೇಲಿನ ಮಹಡಿಯಲ್ಲಿ ನಮ್ಮ ಮನೆ. ಮಲಗುವ ಕೋಣೆ ಅವರಿಬ್ಬರದು, ನಡುಮನೆಯ ಸೋಫಾ ನನ್ನದು. ನಾನು ಬಟ್ಟೆ ಆಲ್ಟರ್ ಮಾಡುವ ಅಂಗಡಿಯಲ್ಲಿ ಹೊಲಿಗೆ ಕೆಲಸದವಳು. ಉದ್ದದ ಪ್ಯಾಂಟು ಗಿಡ್ಡ ಮಾಡುವುದು, ಬಿಗಿಯಾದ ಸೊಂಟ ಬಿಡಿಸುವುದು. ಅಣ್ಣ ಗೋದಾಮಿನಲ್ಲಿದ್ದಾನೆ. ಲಾರಿಯಿಂದ ಇಳಿದ ಪ್ರತಿಯೊಂದು ಪೆಟ್ಟಿಗೆಗೆ ಅಂಟಿಸಿದ ಬಾರ್‌ಕೋಡ್ ಪಟ್ಟಿಗೂ ಅವನು ಸ್ಕ್ಯಾನರ್ ಹಿಡಿಯಬೇಕು. ಅದು 'ಕೀಂ' ಅಂದರೆ ಪೆಟ್ಟಿಗೆ ಬಂದಿದೆ, ಅನ್ನದಿದ್ದರೆ ಬಂದಿಲ್ಲ. ಒಮ್ಮೆ ಪಟ್ಟಿ ಹರಿದ ಪೆಟ್ಟಿಗೆಯೊಂದು ಅವನ ಕಾಲ ಬುಡದಲ್ಲೇ ಕೂತಿತ್ತಂತೆ. ಅದರ ಯಜಮಾನ ಫೋನಿನಲ್ಲಿ ಗೋಗರೆಯುತ್ತಿದ್ದರೂ ಇವನು ಜಪ್ಪಯ್ಯ ಅನ್ನಲಿಲ್ಲ. "ಸಿಸ್ಟಮ್‌ನಲ್ಲಿ ಇಲ್ಲ ಅಂದ್ಮೇಲೆ ಇಲ್ಲ" ಎಂದು ಊಟಕ್ಕೆ ಕೂತಾಗ ಹೆಮ್ಮೆಯಿಂದ ಹೇಳಿಕೊಂಡ. ಕೆಲಸದಿಂದಲೇ ಅವನಿಗೆ ಈ ಚಾಳಿ ಅಂಟಿತು ಎಂದು ಅತ್ತಿಗೆ ಅವನ ಪರ ವಹಿಸುತ್ತಾರೆ. ನಾನು ಸುತರಾಂ ಒಪ್ಪುವುದಿಲ್ಲ. ಊರಲ್ಲಿದ್ದಾಗಲೂ ಹೀಗೇ ಇದ್ದ. ಇಲ್ಲಿಗೆ ಬಂದ ಮೇಲೆ ಅದಕ್ಕೊಂದು ಯಂತ್ರ ಸಿಕ್ಕಿತು, ಅಷ್ಟೆ.

ಅತ್ತಿಗೆಯ ಕೆಲಸ ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ. ಅಲ್ಲಿ ಹೋಟೆಲಿನ ಬಟ್ಟೆಯೆಲ್ಲ ಒಗೆಯುತ್ತಾರೆ, ಇವರು ಇಸ್ತ್ರಿ ವಿಭಾಗದವರು. ಕಿಟಕಿ ಇಲ್ಲ, ಹಬೆ ಮಾತ್ರ ಬೇಕಾದಷ್ಟು. ದಿನವಿಡೀ ನಿಂತು ನಿಂತು, ಸುಕ್ಕು ಕಂಡರೆ ಸಾಕು, ಅವರ ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ. ಬಸ್ಸಿನಲ್ಲಿ ಮುಂದಿನ ಸೀಟಿನವರ ಕಾಲರ್ ಸರಿಮಾಡಲು ಹೋಗಿ ಕೈ ಹಿಂದಕ್ಕೆ ಎಳೆದುಕೊಂಡಿದ್ದನ್ನು ನಾನೇ ನೋಡಿದ್ದೇನೆ. ಮನೆಯಲ್ಲಿ ಪರದೆ, ಕರವಸ್ತ್ರ, ಉಡುಗೊರೆ ಸುತ್ತಿದ ಬಣ್ಣದ ಕಾಗದ, ಎಲ್ಲಕ್ಕೂ ಇಸ್ತ್ರಿ. ನನ್ನ ಬ್ಯಾಗಿನಲ್ಲಿ ಮುದುಡಿಹೋಗಿದ್ದ ಕ್ಯಾಲೆಂಡರಿಗೂ ಹಾಕಿ ಗೋಡೆಗೆ ತಗುಲಿಸಿದ್ದರು.

ಅವರಿಗೆ ಓಟ ಹಿಡಿದದ್ದು ಬಸ್ಸಿನ ದೆಸೆಯಿಂದ. ನಮ್ಮ ಬೀದಿಯಿಂದ ಬೆಳಗಿನ ಪಾಳಿಯವರನ್ನು ಒಯ್ಯುತ್ತಿದ್ದ ಬಸ್ಸನ್ನು, ಜನ ಹತ್ತುವುದಿಲ್ಲ ಎಂಬ ನೆಪ ಹೇಳಿ ನಿಲ್ಲಿಸಿಬಿಟ್ಟರು. ಹತ್ತುತ್ತಿದ್ದ ನಾವೆಲ್ಲ ಜನವೇ ಅಲ್ಲವೆಂದಾಯಿತು. ಅತ್ತಿಗೆ ನಡೆದು ಹೋಗತೊಡಗಿದರು. ತಡವಾದ ದಿನ ಓಡಿದರು. ಆಮೇಲೆ ತಡವಾಗದ ದಿನವೂ ಓಡಿದರು. ಕಾಲುವೆಯ ಪಕ್ಕದ ದಾರಿ, ಅದರಾಚೆಗೆ ರೈಲಿನ ಸೇತುವೆ, ಸೇತುವೆ ದಾಟಿದರೆ ಟೈರು ರಿಪೇರಿ ಅಂಗಡಿಗಳ ಸಾಲು. "ಅಲ್ಲಿ ಗಾಳಿ ಇದೆ ಕಣೇ" ಎಂದರು ಒಂದು ದಿನ. ನೆಲಮಾಳಿಗೆಯ ಹಬೆಯಲ್ಲಿ ಬದುಕುವವರಿಗೆ ಮಾತ್ರ ಆ ಮಾತಿನ ತೂಕ ಗೊತ್ತು.

"ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದಾರೇನೇ?" ಎಂದು ಅಣ್ಣ ನಕ್ಕ. ಆಮೇಲೆ ಅತ್ತಿಗೆ, "ಇವತ್ತು ಸೇತುವೆ ದಾಟಿ ಓಡಿದೆ ರೀ" ಅಂದಾಗ ಹುಬ್ಬೇರಿಸಿದ. "ಸೇತುವೆನಾ? ಅದು ಎಷ್ಟು ದೂರ ಇದೆ ಗೊತ್ತಾ? ಯಾರು ನೋಡಿದ್ರು?" ಅತ್ತಿಗೆ ಟಿಫಿನ್ ಡಬ್ಬಿ ತೊಳೆದರು. ಫೋನ್ ಜೊತೆಗೆ ಒಯ್ದರೆ ಅಳತೆ ಅದೇ ತೋರಿಸುತ್ತದೆ ಎಂದು ಅವನು ಉಪಾಯ ಹೇಳಿಕೊಟ್ಟ. ಅವರು ಒಂದು ದಿನವೂ ಒಯ್ಯಲಿಲ್ಲ.

ಹೋಟೆಲಿನವರು ಊರಿನ ಮ್ಯಾರಥಾನಿಗೆ ತಮ್ಮ ನೌಕರರನ್ನೂ ಕಳಿಸುತ್ತಾರೆ ಎಂಬ ಚೀಟಿ ಕ್ಯಾಂಟೀನಿನ ಗೋಡೆಗೆ ಬಿತ್ತು. ಅತ್ತಿಗೆ ಹೋಗಿ ಹೆಸರು ಕೊಟ್ಟರು. ಅವರ ಸೂಪರ್‌ವೈಸರ್ ಮೂಗು ಮುರಿದು, ಅದು ಮೇಲಿನ ಮಹಡಿಯಲ್ಲಿ, ಗಿರಾಕಿಗಳ ಕಣ್ಣಿಗೆ ಬೀಳುವವರಿಗೆ ಇಟ್ಟದ್ದು ಎಂದಳಂತೆ. ಕಣ್ಣಿಗೆ ಬೀಳುವವರಲ್ಲಿ ನಲವತ್ತೆರಡು ಕಿಲೋಮೀಟರಿಗೂ ಮೇಲೆ ಓಡುವ ಮನಸ್ಸು ಯಾರಿಗೂ ಇರಲಿಲ್ಲ. ಕೊನೆಗೆ ಬೇರೆ ದಾರಿಯಿಲ್ಲದೆ ಇವರ ಹೆಸರನ್ನೇ ಬರೆದುಕೊಂಡರು.

ಆಮೇಲೆ ತಿಂಗಳುಗಟ್ಟಲೆ ಮನೆಯ ಲಯವೇ ಬದಲಾಯಿತು. ಅತ್ತಿಗೆ ಫ್ರಿಜ್ ಹಿಡಿದು ನಿಂತು ಮೀನಖಂಡ ಎಳೆಯುತ್ತಿದ್ದರು, ಫ್ರಿಜ್ಜಿನ ಮೇಲಿನ ಡಬ್ಬಗಳು ಗಡಗಡ ಅನ್ನುತ್ತಿದ್ದವು. ಒಂದು ಸಲ ಮಂಡಿ ಊದಿ, ಇಸ್ತ್ರಿ ಮೇಜಿನ ಮುಂದೆ ಒಂಟಿ ಕಾಲಿನ ಮೇಲೆ ಭಾರ ಹಾಕಿ ಪಾಳಿ ಮುಗಿಸಿದರು. ಒಂದು ರಜೆಯ ದಿನ ಅರ್ಧ ಊರು ಸುತ್ತಿ ಬಂದು ಬಾಗಿಲಲ್ಲೇ ಕೂತು, ಶೂ ಬಿಚ್ಚಲೂ ಆಗದೆ ಕಾಲು ಚಾಚಿದರು. ನಾನು ಬಿಚ್ಚಿದೆ. ಹೆಬ್ಬೆರಳಿನ ಉಗುರು ಕಪ್ಪಾಗಿತ್ತು.

"ಯಾತಕ್ಕೆ ಅತ್ತಿಗೆ ಇಷ್ಟೆಲ್ಲ?" ಎಂದು ಕೇಳಿದೆ.

"ಇದೊಂದನ್ನ ಪೂರ್ತಿ ಮಾಡಿ ಬರ್ತೀನಿ. ಬಂದು, ಓಡಿದೆ ಕಣ್ರೀ ಅಂತ ಹೇಳ್ತೀನಿ. ಅವ್ರು ಹೌದಾ ಅಂತ ಸುಮ್ಮನಾಗ್ಬೇಕು. ನಿನ್ನ ಕಡೆ ತಿರುಗಬಾರ್ದು." ಕಪ್ಪಾದ ಉಗುರನ್ನು ಒತ್ತಿ ನೋಡಿಕೊಂಡು ಅಂದರು: "ಮೆಡಲ್ ಪಡಲ್ ನಂಗೇನೂ ಬೇಡ."

ನನಗೆ ಅಣ್ಣನ ಮೇಲಿನ ಸಿಟ್ಟು ಇನ್ನಷ್ಟು ಏರಿತು.

ಓಟದ ಹಿಂದಿನ ದಿನ ಎದೆಗೆ ಚುಚ್ಚಿಕೊಳ್ಳುವ ನಂಬರು ಅಂಚೆಯಲ್ಲಿ ಬಂತು. ಬಟ್ಟೆಯಂಥ ಕಾಗದ, ಹಿಂದೆ ಕಪ್ಪಗಿನ ತೆಳು ಪಟ್ಟಿಯೊಂದನ್ನು ಅಂಟಿಸಿದ್ದರು. ದಾರಿಯಲ್ಲಿ ಅಲ್ಲಲ್ಲಿ ಹಾಸಿರುವ ಚಾಪೆಗಳನ್ನು ದಾಟಿದಾಗ ಆ ಪಟ್ಟಿಯನ್ನು ಯಂತ್ರ ಓದುತ್ತದೆ, ಓಡುವವರು ಎಲ್ಲಿದ್ದಾರೆಂದು ಮನೆಯವರ ಫೋನಿನಲ್ಲಿ ಚುಕ್ಕಿಯಾಗಿ ಕಾಣುತ್ತದೆ. ಜೊತೆಗಿದ್ದ ಹಾಳೆಯಲ್ಲಿ 'ಮಡಚಬೇಡಿ' ಎಂದು ದಪ್ಪ ಅಕ್ಷರದಲ್ಲಿತ್ತು. ಅಂಚೆಯವನು ಲಕೋಟೆಯನ್ನು ನಡುವೆ ಮಡಚಿ ಕೆಳಗಿನ ಪೆಟ್ಟಿಗೆಯೊಳಗೆ ತುರುಕಿ ಹೋಗಿದ್ದ. ಅತ್ತಿಗೆಯ ಮುಖ ಸಣ್ಣದಾಯಿತು. ಮಡಚಬೇಡಿ ಎಂದದ್ದನ್ನು ಮಡಚಿಬಿಟ್ಟಿದ್ದಾರೆ, ಏನು ಮಾಡುವುದು? ಅವರಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಮೇಲೊಂದು ಒದ್ದೆ ಬಟ್ಟೆ ಹಾಸಿ, ಹಬೆ ಕೊಟ್ಟು, ಹಿಂದೆ ಮುಂದೆ ಎರಡೂ ಕಡೆ ಚೆನ್ನಾಗಿ ಒತ್ತಿ ಇಸ್ತ್ರಿ ಹಾಕಿದರು. ನಂಬರು ಹೊಸ ದುಪ್ಪಟ್ಟಿಯ ಹಾಗೆ ನೆಟ್ಟಗಾಯಿತು. ಮಡಚಬೇಡಿ ಎಂದು ಬರೆದ ಪುಣ್ಯಾತ್ಮರಿಗೆ ಇಸ್ತ್ರಿ ಹಾಕಬೇಡಿ ಎಂದು ಬರೆಯಲು ಏನು ದಾಡಿಯಾಗಿತ್ತು? ಪ್ರಪಂಚದಲ್ಲಿ ಇಸ್ತ್ರಿ ಹಾಕಿ ಹೊಟ್ಟೆ ಹೊರೆಯುವವರೂ ಓಡುತ್ತಾರೆ ಎಂದು ಅವರ ತಲೆಗೆ ಹೊಳೆಯಲೇ ಇಲ್ಲ.

ಮರುದಿನ ಅಣ್ಣನಿಗೆ ಪಾಳಿ ಇತ್ತು. ನನಗೂ ಅಂಗಡಿಯಲ್ಲಿ ಒಬ್ಬ ಮದುವೆಗಂಡಿನ ಕೋಟು ಮುಗಿಸಿಕೊಡುವುದಿತ್ತು. ಅತ್ತಿಗೆ ಒಬ್ಬರೇ ಹೊರಟರು. ನಾನು ಕೋಟು ಮುಗಿಸಿ, ಓಟ ಮುಗಿಯುವ ಚೌಕಕ್ಕೆ ಓಡೋಡಿ ಹೋದಾಗ ಗಟ್ಟಿಗರೆಲ್ಲ ಆಗಲೇ ಮುಗಿಸಿ ಬಾಳೆಹಣ್ಣು ತಿನ್ನುತ್ತಿದ್ದರು. ಫೋನ್ ತೆಗೆದು ನೋಡಿದೆ. ಅತ್ತಿಗೆಯ ಚುಕ್ಕಿ ಹೊರಟ ಜಾಗದಲ್ಲೇ ಇತ್ತು.

ಮನೆಯವರ ಗ್ರೂಪಿನಲ್ಲಿ ಆಗಲೇ ಗದ್ದಲ ಎದ್ದಿತ್ತು. ಅಣ್ಣ ಬೆಳಿಗ್ಗೆಯೇ ಎಲ್ಲರಿಗೂ ಚುಕ್ಕಿ ನೋಡುವ ದಾರಿ ಹೇಳಿಕೊಟ್ಟಿದ್ದ. ಊರಲ್ಲಿರುವ ಅಮ್ಮ, ಚಿಕ್ಕಪ್ಪ, ಬಾವ ಎಲ್ಲರೂ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು. "ಇನ್ನೂ ಚಪ್ಪಲಿ ಹುಡುಕ್ತಿರ್ಬೇಕು" ಎಂದು ಬಾವ ಬರೆದಿದ್ದ. "ಚುಕ್ಕಿಗೆ ಯಾರಾದ್ರೂ ಕೀ ಕೊಡ್ರಪ್ಪ" ಎಂದಿದ್ದು ಚಿಕ್ಕಪ್ಪ. ಕೆಳಗೆ ಸಾಲುಸಾಲು ನಗುವ ಮುಖಗಳು. ತಾವು ಗೇಟಿನವರೆಗೆ ಹೋಗಿ ಬಂದರೆ ಏದುಸಿರು ಬಿಡುವ ಜನ!

ಅಣ್ಣನ ಫೋನ್ ಬಂತು. "ಏನೇ ಇದು? ಅವಳು ಹೊರಟೇ ಇಲ್ವಲ್ಲ. ನಿಂಗೆ ಕಾಣಿಸಿದ್ಲಾ?"

"ಇನ್ನೂ ಇಲ್ಲ. ಬರ್ತಾರೆ ಇರು."

"ಎಲ್ಲಿಂದ ಬರ್ತಾಳೆ? ಜನ ನೋಡಿ ಹೆದರಿಕೊಂಡು ಎಲ್ಲೋ ಬೆಂಚಿನ ಮೇಲೆ ಕೂತಿರ್ತಾಳೆ ಪಾಪ. ಹುಡುಕಿ ಕರ್ಕೊಂಡು ಹೋಗು."

ಆ 'ಪಾಪ' ಕೇಳಿ ನನಗೆ ಫೋನನ್ನು ನೆಲಕ್ಕೆ ಅಪ್ಪಳಿಸುವಷ್ಟು ಸಿಟ್ಟು ಬಂತು. ಆದರೂ ಕತ್ತು ಉದ್ದ ಮಾಡಿ ರಸ್ತೆಯನ್ನೇ ನೋಡುತ್ತಿದ್ದೆ. ಎಲ್ಲಾದರೂ ಬಿದ್ದಿದ್ದರೆ?

ಬಹಳ ಹೊತ್ತಾಯಿತು. ಜನ ಚದುರಿದರು, ಬದಿಯ ಕಂಬಿಗಳನ್ನು ಬಿಚ್ಚಿ ಲಾರಿಗೆ ಹೇರಲು ಶುರುಮಾಡಿದರು. ಓಟ ಮುಗಿಸುವವರಿಗೆ ಕೊಟ್ಟ ವೇಳೆ ಇನ್ನೂ ಬಾಕಿ ಇತ್ತು, ನಾನು ಹೋಗಿ ಕಂಬಿ ಬಿಚ್ಚುವವನ ಮುಂದೆ ನಿಂತು ಗಡಿಯಾರ ತೋರಿಸಿ ಜಗಳ ತೆಗೆದೆ. ಅವನಿಗೆ ನನ್ನ ಭಾಷೆ ಬಾರದು, ನನಗೆ ಅವನದು ಅರೆಬರೆ, ಆದರೂ ಬೈದದ್ದು ಅರ್ಥವಾದಂತೆ ಕಂಡಿತು. ಹಾಗೆ ಜಗಳವಾಡುತ್ತಿದ್ದಾಗಲೇ ರಸ್ತೆಯ ತಿರುವಿನಲ್ಲಿ ನಾನೇ ಹೊಲಿದುಕೊಟ್ಟಿದ್ದ ನೀಲಿ ಅಂಗಿ ಕಂಡಿತು.

ಅತ್ತಿಗೆ! ಜಡೆ ಬಿಚ್ಚಿಹೋಗಿತ್ತು. ಕೆನ್ನೆಯ ಮೇಲೆ ಬೆವರು ಒಣಗಿ ಉಪ್ಪಾಗಿತ್ತು. ಓಟ ಎನ್ನುವುದಕ್ಕಿಂತ ಒಂದೊಂದೇ ಕಾಲನ್ನು ಒತ್ತಾಯದಿಂದ ಮುಂದೆ ಹಾಕುತ್ತಿದ್ದರು, ಆದರೆ ನಿಲ್ಲಲಿಲ್ಲ. ಎದೆಯ ಮೇಲಿನ ನಂಬರಿನಲ್ಲಿ ಮಾತ್ರ ಒಂದೂ ಸುಕ್ಕಿರಲಿಲ್ಲ. ಅವರ ಮುಂದೆ ಬಂದ ಮುದುಕನೊಬ್ಬ ಗೆರೆ ದಾಟಿದಾಗ ಫಲಕದಲ್ಲಿ ಅವನ ಹೆಸರು ಮೂಡಿತು, ಮೈಕಿನವನು ಅದನ್ನು ಕೂಗಿ ಹೇಳಿದ. ಅತ್ತಿಗೆ ದಾಟಿದಾಗ ಯಂತ್ರ ತೆಪ್ಪಗಿತ್ತು. ಮೈಕಿನವನು ನೀರಿನ ಬಾಟಲಿಯ ಜಾಹೀರಾತು ಓದುತ್ತಿದ್ದ. ಇಷ್ಟು ದೂರ ಓಡಿ ಬಂದ ಹೆಂಗಸನ್ನು ಕಣ್ಣೆತ್ತಿಯೂ ನೋಡಲಿಲ್ಲ. ನಾನು ಹೆಸರು ಹಿಡಿದು ಗಂಟಲು ಹರಿಯುವಂತೆ ಕೂಗಿದೆ. ಇಡೀ ಚೌಕದಲ್ಲಿ ಕೂಗಿದವಳು ನಾನೊಬ್ಬಳೇ.

ಕೊರಳಿಗೆ ಪದಕ ಹಾಕಿದರು, ಅದನ್ನು ಬಂದವರಿಗೆಲ್ಲ ಹಾಕುತ್ತಾರೆ. ವಿಚಾರಣೆಯ ಮೇಜಿಗೆ ಹೋದೆವು. ಅಲ್ಲಿದ್ದವಳು ನಂಬರನ್ನು ತಿರುಗಿಸಿ ನೋಡಿದಳು. ಕಪ್ಪು ಪಟ್ಟಿ ಉಬ್ಬಿ ಸುರುಟಿಕೊಂಡಿತ್ತು. ಇದಕ್ಕೆ ಶಾಖ ತಗುಲಿದೆಯೇ ಎಂದು ಕೇಳಿದಳು. ಅತ್ತಿಗೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ನಮ್ಮ ದಾಖಲೆಯ ಪ್ರಕಾರ ಇವರು ಓಡಿಲ್ಲ, ಬೇಕಿದ್ದರೆ ದಾರಿಯಲ್ಲಿ ತೆಗೆದ ಫೋಟೊಗಳಲ್ಲಿ ಹುಡುಕಿಸಿ ಸರಿಪಡಿಸಬಹುದು ಎಂದಳು. ಹುಡುಕಿಸಿ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಬೇಡ ಎಂದು ಕೈಯಾಡಿಸಿ ಎದ್ದರು.

ಹೊರಗೆ ಬಂದು ಗ್ರೂಪ್ ತೋರಿಸಿದೆ. ನಿಂತಲ್ಲೇ ಎಲ್ಲವನ್ನೂ ಓದಿದರು. ಕೊನೆಯಲ್ಲಿ ಅಣ್ಣ ಬರೆದಿದ್ದ: "ಅವಳ ಕೈಲಿ ಆಗ್ಲಿಲ್ಲ. ಯಾರೂ ತಮಾಷೆ ಮಾಡ್ಬೇಡಿ." ನಾನು ಅಣ್ಣನಿಗೆ ಫೋನ್ ಮಾಡಹೋದೆ. ಅತ್ತಿಗೆ ಮಣಿಕಟ್ಟು ಹಿಡಿದರು. ಅಷ್ಟು ದಣಿದ ಕೈಗೆ ಅಷ್ಟು ಬಲ ಎಲ್ಲಿಂದ ಬಂತೋ.

"ನೀನು ಹೇಳ್ಬೇಡ. ನೋಡಿದೆ ಅಂತ ಒಂದು ಮಾತೂ ಆಡ್ಬೇಡ. ನೀನು ಹೇಳಿದ್ರೆ ಅವ್ರು ತಕ್ಷಣ ನಂಬ್ತಾರೆ."

"ನಂಬ್ಲಿ ಬಿಡಿ ಅತ್ತಿಗೆ! ಅದೇ ತಾನೇ ಬೇಕಾಗಿರೋದು?"

"ಅಲ್ಲ" ಎಂದರು, ಕಡ್ಡಿ ತುಂಡು ಮಾಡಿದ ಹಾಗೆ. ಕೊರಳಿನಿಂದ ಪದಕ ತೆಗೆದು ನನ್ನ ಕೈಗಿಟ್ಟರು. "ಇದು ನಿನ್ನ ಪೆಟ್ಟಿಗೆಲಿರ್ಲಿ. ನಾನು ಬಾಯಲ್ಲಿ ಹೇಳ್ತೀನಿ."

ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನವಲ್ಲ. ಆದರೂ ಮಾತು ಕೊಟ್ಟೆ.

ಅತ್ತಿಗೆ ಕಾಲುನೋವಿಗೆ ಮೆಟ್ಟಿಲನ್ನು ಅಡ್ಡಡ್ಡಲಾಗಿ ಹತ್ತಿ ಮನೆ ಸೇರಿದಾಗ ಅಣ್ಣ ಪಾಳಿ ಮುಗಿಸಿ ಬಂದು ಕೂತಿದ್ದ.

"ಎಲ್ಲಿದ್ದೆ?"

"ಓಡ್ತಿದ್ದೆ."

"ಚುಕ್ಕಿ ಅಲ್ಲಾಡ್ಲೇ ಇಲ್ವಲ್ಲ."

"ನಾನು ಅಲ್ಲಾಡಿದೆ. ನಂಬರ್‌ಗೆ ಇಸ್ತ್ರಿ ಹಾಕಿದ್ದೆ, ಅದು ಕೆಟ್ಟೋಯ್ತು. ನಾನು ಪೂರ್ತಿ ಓಡಿದೆ ಕಣ್ರೀ."

ಅಣ್ಣ ನನ್ನ ಕಡೆ ತಿರುಗಿದ. "ಹೌದೇನೇ?"

"ಅತ್ತಿಗೆನ ಕೇಳು."

"ನಿನ್ನ ಕೇಳ್ತಿರೋದು. ನೀನು ಅಲ್ಲೇ ಇದ್ಯಲ್ಲ?"

"ಅತ್ತಿಗೆನೇ ಕೇಳು."

ಅವನು ನನ್ನನ್ನೇ ದಿಟ್ಟಿಸಿ ನೋಡಿ ತಲೆಯಾಡಿಸಿದ. "ಓಡಿದ್ರೆ ನೀನು ಇಷ್ಟೊತ್ತಿಗೆ ಊರಿಗೆಲ್ಲ ಡಂಗುರ ಹೊಡೀತಿದ್ದೆ. ನೀನೇ ಸುಮ್ನಿದೀಯ ಅಂದ್ರೆ ಗೊತ್ತಾಯ್ತು ಬಿಡು." ನನ್ನ ಮೌನವನ್ನೇ ಸಾಕ್ಷಿ ಮಾಡಿಕೊಂಡುಬಿಟ್ಟ! ಹಲ್ಲು ಕಡಿದುಕೊಂಡು ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ.

ಅವನು ಬೈದಿದ್ದರೆ ಎಷ್ಟೋ ವಾಸಿಯಿತ್ತು. ವಾರವಿಡೀ ಸಮಾಧಾನ ಮಾಡಿದ. "ಪರ್ವಾಗಿಲ್ಲ ಬಿಡೇ, ಅಲ್ಲಿವರೆಗೂ ಹೋಗಿ ನಿಂತ್ಯಲ್ಲ, ಅದೇ ದೊಡ್ಡದು. ಮುಂದಿನ ಸಲ ಓಡಿದ್ರಾಯ್ತು" ಎಂದು ಬಿಸಿನೀರು ಕಾಯಿಸಿ ಕೊಟ್ಟ. ಕುಂಟುತ್ತಿರುವುದೇಕೆ ಅಂದರೆ ಹೊಸ ಶೂ ಕಚ್ಚಿದೆ ಎಂದ. ಹೆಬ್ಬೆರಳಿನ ಉಗುರು ಕಿತ್ತು ಬಂದಾಗ, ಅದು ಮೊದಲೇ ಕಪ್ಪಾಗಿತ್ತಲ್ಲ ಎಂದ. ಎಲ್ಲಕ್ಕೂ ಅವನ ಹತ್ತಿರ ಒಂದು ಕಾರಣವಿತ್ತು, ಹೆಂಡತಿಯ ಮಾತೊಂದನ್ನು ಬಿಟ್ಟು. ಹೋಟೆಲಿನ ಕ್ಯಾಂಟೀನ್ ಗೋಡೆಗೆ ಹಚ್ಚಿದ್ದ ಓಟಗಾರರ ಪಟ್ಟಿಯಿಂದಲೂ ಅತ್ತಿಗೆಯ ಹೆಸರು ಕಿತ್ತರಂತೆ. ನಾನು ಹೋಗಿ ಆ ಸೂಪರ್‌ವೈಸರಿನ ಚಳಿ ಬಿಡಿಸುತ್ತೇನೆ ಎಂದು ಎದ್ದೆ. "ಅವಳು ನಂಬದಿದ್ರೆ ಬಿಡು. ಅವಳ ಜೊತೆ ನಾನು ಬಾಳ್ವೆ ಮಾಡ್ತಿಲ್ಲ" ಎಂದರು ಅತ್ತಿಗೆ.

ಒಂದು ಸಂಜೆ ಅಣ್ಣನಿಗೆ ಹೊಳೆಯಿತು. "ಅಲ್ಲ, ಮುಗಿಸಿದೋರಿಗೆಲ್ಲ ಮೆಡಲ್ ಕೊಡ್ತಾರಂತಲ್ಲ? ನಿಂಗೆ ಕೊಟ್ರಾ?"

"ಕೊಟ್ರು."

"ಎಲ್ಲಿ?"

"ತೋರ್ಸಲ್ಲ."

ಅಣ್ಣ ನಕ್ಕ. ಅತ್ತಿಗೆ ನಗಲಿಲ್ಲ. ಅವರು ಅವನ ಸಮವಸ್ತ್ರದ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಅವನ ಕಡೆ ತಿರುಗಿದರು. ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಓವರ್‌ಟೈಮ್ ಇದೆ, ಬರೋದು ತಡ ಆಗತ್ತೆ ಅಂತೀರಿ. ನಾನು ಯಾವತ್ತಾದ್ರೂ ನಿಮ್ಮ ಗೋದಾಮಿಗೆ ಫೋನ್ ಮಾಡಿ ಕೇಳಿದೀನಾ? ತಲೆನೋವು ಅಂದ್ರೆ ಮಾತ್ರೆ ಕೊಟ್ಟಿದೀನಿ, ನಿಮ್ಮ ತಂಗಿನ ಕರೆದು ಹೌದಾ ಅಂದಿಲ್ಲ. ಆ ದೇಶಕ್ಕೆ ಹೋಗೋಣ, ಎಲ್ಲ ಸರಿಹೋಗತ್ತೆ ಅಂದ್ರಿ. ನೀವೂ ನೋಡಿರ್ಲಿಲ್ಲ ಈ ದೇಶನ, ನಾನೂ ನೋಡಿರ್ಲಿಲ್ಲ. ನಿಮ್ಮ ಬಾಯಿ ಮಾತು ನಂಬ್ಕೊಂಡು ಅಪ್ಪ ಅಮ್ಮನ್ನ ಬಿಟ್ಟು ಬಂದು, ಕಿಟಕಿ ಇಲ್ದಿರೋ ನೆಲಮಾಳಿಗೆಲಿ ನಿಂತೆ. ನಾನು ಯಾವತ್ತು ನಿಮ್ಮನ್ನ ಸ್ಕ್ಯಾನ್ ಮಾಡಿದೀನಿ?"

ಅತ್ತಿಗೆ ಅಂಗಿಯನ್ನು ಹ್ಯಾಂಗರಿಗೆ ಹಾಕಿ ಒಳಗೆ ಹೋದರು. ಅಣ್ಣ ಕಟಕಟೆಯಲ್ಲಿ ನಿಂತವನ ಹಾಗೆ ಅಲ್ಲೇ ನಿಂತಿದ್ದ. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ನೋಡಿದ್ದರೆ ನಾನು ಮಾತು ಮುರಿದುಬಿಡುತ್ತಿದ್ದೆನೇನೋ.

ಭಾನುವಾರ ಮೂವರೂ ಊಟಕ್ಕೆ ಕೂತಾಗ ಊರಿನಿಂದ ಅಮ್ಮನ ಫೋನ್ ಬಂತು. ಅಣ್ಣ ಸ್ಪೀಕರಿಗೆ ಹಾಕಿದ. ಅಮ್ಮನಿಗೆ ಸುತ್ತಿ ಬಳಸಿ ಮಾತಾಡಿ ಗೊತ್ತಿಲ್ಲ.

"ಏನೋ, ಕೊನೆಗೂ ಅವಳು ಓಡಿದ್ಲೋ ಇಲ್ವೋ? ಇಲ್ಲಿ ಎಲ್ರೂ ಕೇಳ್ತಾರೆ, ನಾನು ಏನಂತ ಹೇಳ್ಲಿ?"

ಅತ್ತಿಗೆಯ ಕೈ ತಟ್ಟೆಯಲ್ಲೇ ನಿಂತಿತು. ನಾನು ದೊಡ್ಡ ತುತ್ತೊಂದನ್ನು ಬಾಯಿಗೆ ತುಂಬಿಕೊಂಡೆ, ಮಾತು ಹೊರಬರದಿರಲಿ ಎಂದು.

"ಓಡಿದ್ಲು ಅಮ್ಮ" ಎಂದ ಅಣ್ಣ.

"ಹಂಗಂತ ಯಾರಂದ್ರು? ತಂಗಿ ನೋಡಿದ್ಲಾ?"

"ಅವಳನ್ನ ಕೇಳ್ಬೇಕಾಗಿಲ್ಲ. ಇವಳೇ ಹೇಳಿದ್ಲು, ಪೂರ್ತಿ ಓಡಿದೀನಿ ಅಂತ. ಓಡಿದಾಳೆ."

"ಅಲ್ಲ ಕಣೋ, ಫೋನಲ್ಲಿ ಚುಕ್ಕಿ..."

"ಫೋನ್ ತಪ್ಪು ತೋರ್ಸಿರತ್ತೆ."

ಆಮೇಲೆ ಅಮ್ಮ, "ಹಂಗಾದ್ರೆ ಅವತ್ತು ನಿಂಗೆ ಅಡುಗೆ ಯಾರು ಮಾಡಿದ್ರು?" ಎಂದಳು. ನನ್ನ ಗಂಟಲಲ್ಲಿ ತುತ್ತು ಸಿಕ್ಕಿಕೊಂಡಿತು.

ಅತ್ತಿಗೆ ಎದ್ದು ಅಡುಗೆಮನೆಗೆ ಹೋದರು. ತೊಳೆಯಲು ಒಂದು ಪಾತ್ರೆಯೂ ಇರಲಿಲ್ಲ, ಆದರೂ ಬಹಳ ಹೊತ್ತು ನೀರು ಬಿಟ್ಟ ಸದ್ದು ಕೇಳುತ್ತಿತ್ತು. ಅಣ್ಣ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದ. ನನಗೆ ಅವನ ಮೇಲೆ ಅಕ್ಕರೆ ಉಕ್ಕಬೇಕಿತ್ತು. ಸ್ವಲ್ಪ ಉಕ್ಕಿತು, ಇಲ್ಲವೆನ್ನುವುದಿಲ್ಲ. ಆದರೆ ಗಂಡನ ಬಾಯಿಂದ 'ಇವಳೇ ಹೇಳಿದ್ಲು' ಎಂಬ ಮಾತು ಹೊರಡಿಸಲು ಒಬ್ಬ ಹೆಂಗಸು ಊರೆಲ್ಲ ಸುತ್ತಿ, ಉಗುರು ಕಳೆದುಕೊಂಡು, ನಲವತ್ತೆರಡು ಕಿಲೋಮೀಟರು ಓಡಬೇಕಾಯಿತಲ್ಲ, ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಪದಕ ಇವತ್ತಿಗೂ ನನ್ನ ಪೆಟ್ಟಿಗೆಯ ತಳದಲ್ಲಿದೆ. ಕೊಡಲೇ ಎಂದು ಕೇಳಿದರೆ, ಇರಲಿ ಬಿಡು ಅನ್ನುತ್ತಾರೆ ಅತ್ತಿಗೆ.

ಮೊನ್ನೆ ಬೆಳಿಗ್ಗೆ ಅವರು ಓಟಕ್ಕೆ ಹೊರಡುತ್ತ ಬಾಗಿಲಲ್ಲಿ ನಿಂತು, "ಬಚ್ಚಲ ನಲ್ಲಿ ಮತ್ತೆ ಸೋರ್ತಿದೆ ರೀ" ಎಂದು ಕೂಗಿ ಮೆಟ್ಟಿಲಿಳಿದು ಹೋದರು. ಅಣ್ಣ ಎದ್ದು ನಡುಮನೆಗೆ ಬಂದ. ಸೋಫಾದ ಮೇಲಿದ್ದ ನನ್ನನ್ನು ನೋಡಿ ಬಾಯಿ ತೆರೆದ. ನಾನೂ ಅವನನ್ನೇ ನೋಡುತ್ತಿದ್ದೆ. ಅವನು ಬಾಯಿ ಮುಚ್ಚಿಕೊಂಡು ಸ್ಪ್ಯಾನರ್ ಹುಡುಕಲು ಹೋದ.